ಮದನಪಲ್ಲಿ ಕಡೆಯ ಫೋನು

ಸಾದಲಿ
೮-೨-೨೦೨೬, ಭಾನುವಾರ

ಪ್ರೀತಿಯ ಶಿರೀಷಾ,

ಹೇಗಿದ್ದೀಯಮ್ಮ? ಗುರುವಾರ ಫೋನಿನಲ್ಲಿ ನಿನ್ನ ಗಂಟಲು ಕಟ್ಟಿತ್ತು. ಅದು ನೆಗಡಿಯೋ ಅಳುವೋ ನನಗೆ ಗೊತ್ತಾಗಲಿಲ್ಲ. ನೆಗಡಿಯಾದರೆ ಮೆಣಸಿನ ಕಷಾಯ ಮಾಡಿಕೊಂಡು ಕುಡಿ, ಹಾಸ್ಟೆಲಿನವರು ಒಲೆ ಮುಟ್ಟಲು ಬಿಡದಿದ್ದರೆ ಬಿಸಿನೀರಾದರೂ ಕುಡಿ. ಆ ಊರಿನ ಬೋರ್ ನೀರಿಗೆ ಕೂದಲು ಉದುರುತ್ತಿದೆ ಅಂದಿದ್ದೆಯಲ್ಲ, ಕೊಬ್ಬರಿ ಎಣ್ಣೆಗೆ ಮೆಂತ್ಯ ಹಾಕಿ ಕಾಯಿಸಿ ಸೀಸೆಗೆ ತುಂಬಿಟ್ಟಿದ್ದೇನೆ. ಹೈದರಾಬಾದಿಗೆ ಹೋಗುವವರು ಯಾರಾದರೂ ಸಿಕ್ಕರೆ ಕಳಿಸುತ್ತೇನೆ. ನಿಮ್ಮಪ್ಪ ಚೆನ್ನಾಗಿದ್ದಾರೆ. ಮೊಣಕಾಲು ನೋವು ಹಾಗೇ ಇದೆ, ಕೇಳಿದರೆ ಸಿಟ್ಟು ಮಾಡಿಕೊಳ್ಳುತ್ತಾರೆ, ಅದಕ್ಕೇ ಕೇಳುವುದನ್ನು ಬಿಟ್ಟಿದ್ದೇನೆ. ನಾನೂ ಇದ್ದೇನೆ. ಕಾಯಿಲೆ ಏನೂ ಇಲ್ಲ, ಸುಸ್ತು ಅಷ್ಟೆ. ಬೆಳಿಗ್ಗೆ ಎದ್ದಾಗಲೇ ಒಂದು ದಿನದ ಕೆಲಸ ಮುಗಿಸಿ ಎದ್ದ ಹಾಗಿರುತ್ತದೆ.

ದಿನಾ ಫೋನ್ ಮಾಡುವ ಅಮ್ಮ ಇದೇನು ಕಾಗದ ಬರೆಯುತ್ತಿದ್ದಾಳೆ ಅಂತ ನಗಬೇಡ. ಫೋನಿನಲ್ಲಾದರೆ ನೀನು ಅಳುತ್ತೀಯ, ನಾನು ಬೈಯುತ್ತೇನೆ, ನಿಮ್ಮಪ್ಪ ಪಕ್ಕದಲ್ಲಿ ನಿಂತು "ಏನಂತೆ, ಏನಂತೆ" ಅಂತಿರುತ್ತಾರೆ, ಕೊನೆಗೆ ಹೇಳಬೇಕಾದ್ದನ್ನು ಯಾರೂ ಹೇಳಿರುವುದಿಲ್ಲ. ಇವತ್ತು ಅಂಗನವಾಡಿಗೆ ರಜೆ. ರೇಷ್ಮೆ ಹುಳುಗಳೂ ಪೊರೆ ಬಿಡುವ ನಾಲ್ಕನೇ ಜ್ವರಕ್ಕೆ ಕೂತಿವೆ, ಅಲ್ಲಾಡದೆ ಮಲಗಿವೆ. ಅವು ಎದ್ದ ಮೇಲೆ ಸೊಪ್ಪು ಕೊಯ್ದು ಹಾಕಿ ಸಾಕುಸಾಕಾಗುತ್ತದೆ, ಅಲ್ಲಿಯ ತನಕ ಸೊಪ್ಪು ಹಾಕುವ ಹಾಗಿಲ್ಲವಲ್ಲ, ಹಾಗಾಗಿ ಮನೆಗೆ ಒಂದು ದಿನದ ಬಿಡುವು. ಹಳೆಯ ಹಾಜರಿ ಪುಸ್ತಕದ ಕೊನೆಯಲ್ಲಿ ಉಳಿದಿದ್ದ ಹಾಳೆಗಳನ್ನು ಬಿಡಿಸಿಕೊಂಡು ಬರೆಯುತ್ತಿದ್ದೇನೆ. ಗೆರೆ, ಕಾಲಂ ಎಲ್ಲ ಇದೆ, ಬೇಸರ ಮಾಡಿಕೊಳ್ಳಬೇಡ. ಇಪ್ಪತ್ತಮೂರು ವರ್ಷ ರಿಜಿಸ್ಟರ್ ಬರೆದ ಕೈಗೆ ಬರೀ ಬಿಳಿ ಹಾಳೆ ಕಂಡರೆ ಎಲ್ಲಿಂದ ಶುರು ಮಾಡಬೇಕೋ ತೋಚುವುದಿಲ್ಲ.

ನೀನು ಹೇಳಿದ್ದನ್ನೇ ಮೂರು ದಿನದಿಂದ ತಲೆಯಲ್ಲಿ ಹಾಕಿಕೊಂಡು ತಿರುಗುತ್ತಿದ್ದೇನೆ. ಆರು ತಿಂಗಳ ಪ್ರೊಬೇಷನ್ ಮುಗಿಯಿತು, ನಿನ್ನ ಜೊತೆ ಸೇರಿದ ನಾಲ್ಕು ಜನರಿಗೂ ಕನ್ಫರ್ಮ್ ಆಗಿ ಪತ್ರ ಬಂತು, ನಿನಗೊಬ್ಬಳಿಗೆ ಮಾತ್ರ ಇನ್ನೂ ಮೂರು ತಿಂಗಳು ನೋಡುತ್ತೇವೆ ಅಂತ ಬಂತು. ಕಾರಣ ಕೇಳಿದರೆ ಹೇಳಲಿಲ್ಲ. ಅದಕ್ಕೆ ನೀನು ಅಂದೆ: "ನನ್ನ ಕೈಲಿ ಆಗಲ್ಲ ಅಂತ ಅವರಿಗೆ ಗೊತ್ತಾಗೋಗಿದೆ ಕಣಮ್ಮ. ಅವರಾಗಿ ತೆಗೆಯೋ ಮುಂಚೆ ನಾನೇ ಹದಿನಾರನೇ ತಾರೀಖು ರಾಜೀನಾಮೆ ಕೊಟ್ಟು ಬಂದ್ಬಿಡ್ತೀನಿ." ನಾನು ಹಾಲು ಉಕ್ಕುತ್ತಿದೆ ಅಂತ ಸುಳ್ಳು ಹೇಳಿ ಫೋನ್ ಇಟ್ಟೆ. ಒಲೆಯ ಮೇಲೆ ಹಾಲೇ ಇರಲಿಲ್ಲ.

ನಿನ್ನ ಕೈಲಿ ಆಗುವುದಿಲ್ಲ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮಕ್ಕಳನ್ನು ತೂಗುವ ತಕ್ಕಡಿಯಲ್ಲಿ ನೀನು ಐದು ವರ್ಷದವಳಿದ್ದಾಗ ಬೆಕ್ಕನ್ನು ತೂಗಿದ್ದು ನೆನಪಿದೆಯಾ? ಅದು ಪರಚಿ ಓಡಿತು, ನೀನು ಅದನ್ನು ಮತ್ತೆ ಹಿಡಿದು ತಂದು ಎರಡನೇ ಸಲ ತೂಗಿದೆ, ಯಾಕೆ ಅಂದರೆ ಮೊದಲನೇ ಸಲ ಅದು ಅಲ್ಲಾಡುತ್ತಿತ್ತು ಅಂದೆ. ಅಮ್ಮಾಜಮ್ಮ ಇವತ್ತಿಗೂ ಹೊಸದಾಗಿ ಬಂದ ತಾಯಂದಿರಿಗೆ ಆ ಕತೆ ಹೇಳುತ್ತಾಳೆ. ಅವಳು ಸಹಾಯಕಿಯಾಗಿ ಅಂಗನವಾಡಿಗೆ ಬಂದ ವರ್ಷವೇ ಅದು ನಡೆದದ್ದು. ಈಗ ನೀನು ಔಷಧಿ ಕಂಪನಿಯಲ್ಲಿ ಮಾತ್ರೆ ನೀರಿನಲ್ಲಿ ಎಷ್ಟು ನಿಮಿಷಕ್ಕೆ ಕರಗುತ್ತದೆ ಅಂತ ನೋಡುತ್ತಾ ನಿಲ್ಲುವವಳು, ಒಂದು ಸಲ ಬಂದ ಲೆಕ್ಕವನ್ನು ನಂಬದೆ ಇನ್ನೊಂದು ಸಲ ನೋಡುವವಳು. ಅಂಥವಳಿಗೆ ಕೆಲಸ ಬರುವುದಿಲ್ಲ ಅಂತ ಯಾರೂ ಹೇಳಲಾರರು. ಇದನ್ನು ತಾಯಿ ಅಂತ ಹೇಳುತ್ತಿಲ್ಲ. ತಾಯಿಯಾಗಿ ಹೇಳುವುದಾದರೆ ನಿನಗೆ ಬಟ್ಟೆ ಮಡಚಲು ಇನ್ನೂ ಬರುವುದಿಲ್ಲ.

ಕಂಪನಿ ಕೆಲಸ ಅಂದರೆ ನನಗೆ ಯಾಕೆ ಅಷ್ಟು ಭಯ ಅಂತ ನೀನು ಎಷ್ಟೋ ಸಲ ಕೇಳಿದ್ದೀಯ, ನಾನು ಎಷ್ಟೋ ಸಲ ಗದರಿಸಿದ್ದೇನೆ. ನಿಮ್ಮಪ್ಪ ಗೌರಿಬಿದನೂರಿನ ಕಂಪನಿಯಲ್ಲಿ ಹನ್ನೊಂದು ವರ್ಷ ಇದ್ದರು. ವಾರವೆಲ್ಲ ಅಲ್ಲೇ ರೂಮು, ಶನಿವಾರ ಸಂಜೆ ಬಂದು ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಹೊರಟುಬಿಡುತ್ತಿದ್ದರು. ಹನ್ನೊಂದನೇ ವರ್ಷ ಒಂದು ಸೋಮವಾರ ಹೋದವರು ಮಧ್ಯಾಹ್ನ ಮೂರಕ್ಕೆಲ್ಲ ವಾಪಸ್ ಬಂದರು. ಗೇಟಿಗೆ ನೋಟಿಸ್ ಅಂಟಿಸಿದ್ದರಂತೆ, ಒಳಗೆ ಬಿಡಲಿಲ್ಲವಂತೆ. ನೀನು ಆರನೇ ಕ್ಲಾಸು, ಸ್ಕೂಲಿನಿಂದ ಬಂದವಳೇ ಅವರ ಡಬ್ಬಿ ತೆಗೆದು ಚಿತ್ರಾನ್ನ ತಿಂದೆ. "ಅಪ್ಪ ಊಟ ಮಾಡ್ದೆ ನಂಗೇ ತಂದಿದಾರೆ" ಅಂತ ಖುಷಿಪಟ್ಟೆ. ಅವರು ಗೋಡೆಗೆ ಒರಗಿಕೊಂಡು ನಿನ್ನನ್ನೇ ನೋಡುತ್ತಿದ್ದರು. ಆಮೇಲೆ ಆರು ತಿಂಗಳು ನರಸಿಂಹಪ್ಪನವರು ಎಲ್ಲಿ ಅಂತ ಯಾರಾದರೂ ಬಾಗಿಲಲ್ಲಿ ಕೂಗಿದರೆ ಹಿತ್ತಲಿಗೆ ಹೋಗಿಬಿಡುತ್ತಿದ್ದರು. ರೇಷ್ಮೆ ಹುಳುವಿನ ಮನೆ ಕಟ್ಟಿದ ಮೇಲೆಯೇ ಅವರು ಮನುಷ್ಯರ ಕಡೆ ಮುಖ ಎತ್ತಿದ್ದು. ಆ ಡಬ್ಬಿ ಈಗಲೂ ಅಟ್ಟದ ಮೇಲಿದೆ, ನಾನು ಬಳಸುವುದಿಲ್ಲ.

ಇನ್ನು ನನ್ನದು. ಇಪ್ಪತ್ತಮೂರು ವರ್ಷದಿಂದ ಸರ್ಕಾರದ ಕೆಲಸ ಮಾಡುತ್ತಿದ್ದೇನೆ, ಸರ್ಕಾರಿ ಕೆಲಸದಲ್ಲಿ ಮಾತ್ರ ಇಲ್ಲ. ಊರಿನವರು ಟೀಚರ್ ಅನ್ನುತ್ತಾರೆ, ಕಾಗದದಲ್ಲಿ ಕಾರ್ಯಕರ್ತೆ ಅಂತಿದೆ. ಕೊಡುವುದಕ್ಕೆ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಗೌರವ ಯಾವ ತಿಂಗಳು ಬರುತ್ತದೆ ಅಂತ ನಾವು ನಾವೇ ತಮಾಷೆ ಮಾಡಿಕೊಳ್ಳುತ್ತೇವೆ. ಮಕ್ಕಳ ತೂಕ, ಬಸುರಿಯರ ಊಟ, ಚುನಾವಣೆ ಬಂದರೆ ಅದರ ಮನೆಮನೆ ಕೆಲಸ, ಈಗ ಫೋನಿನಲ್ಲಿ ಪ್ರತಿಯೊಬ್ಬರ ಮುಖದ ಫೋಟೋ. ಮೊನ್ನೆ ನೆಟ್‌ವರ್ಕ್ ಸಿಗದೆ ಒಬ್ಬ ಬಾಣಂತಿಯನ್ನು ಕರೆದುಕೊಂಡು ನೀರಿನ ಟ್ಯಾಂಕಿನ ಹತ್ತಿರದ ದಿಬ್ಬ ಹತ್ತಿದೆ. ಅವಳು ಮಗುವನ್ನು ಎತ್ತಿಕೊಂಡು ನಗುತ್ತಿದ್ದಳು, ನನಗೆ ಅಳು ಬರುತ್ತಿತ್ತು. ಪರ್ಮನೆಂಟ್ ಮಾಡಿ ಅಂತ ಚಿಕ್ಕಬಳ್ಳಾಪುರದಲ್ಲಿ ಬಿಸಿಲಲ್ಲಿ ಕೂತಾಗ ನೀನು ನನ್ನ ತೊಡೆಯ ಮೇಲೆ ಮಲಗಿದ್ದೆ. ಅರವತ್ತಾದ ದಿನ ಬೀಗದ ಕೈ ಕೊಟ್ಟು ಮನೆಗೆ ಬರಬೇಕು, ಪೆನ್ಷನ್ ಇಲ್ಲ. ಬಾಗಿಲ ಹೊರಗೇ ಇಷ್ಟು ವರ್ಷ ನಿಂತವಳಿಗೆ ಮಗಳಾದರೂ ಒಳಗೆ ಹೋಗಿ ಕೂರಲಿ ಅನ್ನಿಸಿತು. ಆ ಆಸೆ ತಪ್ಪು ಅಂತ ನನಗೆ ಇವತ್ತೂ ಅನ್ನಿಸುವುದಿಲ್ಲ. ಆದರೆ ಅದನ್ನು ಹಿಡಿದುಕೊಂಡು ನಾನು ಆಡಿದ ರೀತಿ ಇದೆಯಲ್ಲ, ಅದಕ್ಕೆ ನಾಚಿಕೆಯಾಗುತ್ತದೆ.

ನಿನ್ನ ಹೆಸರು ಸರ್ಕಾರಿ ಕೆಲಸದ ಆ ತಾತ್ಕಾಲಿಕ ಆಯ್ಕೆ ಪಟ್ಟಿಯಲ್ಲಿ ಬಂದ ದಿನ ನಾನು ಅಂಗನವಾಡಿ ಮಕ್ಕಳಿಗೆಲ್ಲ ಕೇಸರಿಬಾತು ಮಾಡಿ ಹಂಚಿದೆ. ತಾತ್ಕಾಲಿಕ ಅನ್ನುವ ಪದವನ್ನು ಓದಿದೆ, ಓದಿಯೂ ಓದದ ಹಾಗೆ ಇದ್ದೆ. ಆಮೇಲೆ ಯಾರೋ ಕೋರ್ಟಿಗೆ ಹೋದರು, ಪಟ್ಟಿ ನಿಂತಿತು. ನಿಂತು ಹದಿನಾಲ್ಕು ತಿಂಗಳಾಯಿತು. ನೀನು ಆರು ತಿಂಗಳು ಕಾದು, ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತೆ ಅಂತ ಹೈದರಾಬಾದಿಗೆ ಹೋದೆ. ನಾನು ಬಸ್ ಹತ್ತಿಸುವಾಗ ಕೂಡ "ಇದೆಲ್ಲ ನಾಲ್ಕು ದಿನದ್ದು, ಪಟ್ಟಿ ಬಂದ ತಕ್ಷಣ ಬಂದ್ಬಿಡು" ಅಂದೆ. ಹೊಸ ಕೆಲಸಕ್ಕೆ ಹೊರಟ ಹುಡುಗಿಗೆ ಅದೇನು ಮಾತು ಹೇಳು.

ಶುಕ್ರವಾರ ಸಂಜೆ ಅಮ್ಮಾಜಮ್ಮನ ಮನೆಗೆ ಹೋಗಿದ್ದೆ. ಅವಳ ಮಗ ಹರಿಕೃಷ್ಣ ಶಿಡ್ಲಘಟ್ಟದ ಸರ್ಕಾರಿ ಆಫೀಸಿಗೆ ಸೇರಿ ಒಂದೂವರೆ ವರ್ಷವಾಯಿತಲ್ಲ, ಅವನಿಗಾದರೂ ಪಟ್ಟಿಯ ವಿಷಯ ಗೊತ್ತಿರುತ್ತದೆ ಅಂತ. ಅವನು ಇಲಾಖಾ ಪರೀಕ್ಷೆಗೆ ಪುಸ್ತಕ ಇಟ್ಟುಕೊಂಡು ಕೂತಿದ್ದ, ಮುಖ ಸೊರಗಿತ್ತು. ನಾನು ನಿನಗೇನಪ್ಪ, ಪರ್ಮನೆಂಟು ಅಂದೆ. ಅವನು ನಕ್ಕ. "ಆಂಟಿ, ನಂದಿನ್ನೂ ಪ್ರೊಬೇಷನ್ನೇ. ಎರಡು ವರ್ಷ ತುಂಬ್ಬೇಕು, ಈ ಪರೀಕ್ಷೆ ಪಾಸಾಗ್ಬೇಕು, ಮೇಲಿನೋರು ಫೈಲಲ್ಲಿ ಬರೀಬೇಕು, ಆಮೇಲೆ ಆರ್ಡರು. ಊರೋರೆಲ್ಲ ನನ್ನ ಪರ್ಮನೆಂಟು ಅಂತಾರೆ, ನಾನು ಜ್ವರ ಬಂದ್ರೂ ರಜೆ ಹಾಕೋಕೆ ಹೆದರ್ತೀನಿ" ಅಂದ. ಪುಸ್ತಕ ಮುಚ್ಚಿಟ್ಟು ಅವನೇ ಅಂದ, "ಆದ್ರೂ ಆಂಟಿ, ಇಲ್ಲಿ ಸೋಮವಾರ ಬೆಳಿಗ್ಗೆ ಗೇಟಲ್ಲಿ ನೋಟಿಸ್ ಇರಲ್ಲ. ಅದೊಂದು ಧೈರ್ಯ." ಪಟ್ಟಿ ಈ ವರ್ಷವೂ ಬರಬಹುದು, ಮುಂದಿನ ವರ್ಷವೂ ಬರಬಹುದು, ಅದನ್ನು ನಂಬಿಕೊಂಡು ಕೈಲಿರುವುದನ್ನು ಬಿಡಬೇಡ ಅಂತ ಶಿರೀಷಾಗೆ ಹೇಳಿ ಅಂದ. ಆ ಹುಡುಗ ಹಾಗೆ ಹೇಳಬೇಕಾಯಿತು, ನನಗೆ ಬುದ್ಧಿ ಬರುವುದಕ್ಕೆ.

ಚಿಂತಾಮಣಿಯ ನಮ್ಮಕ್ಕ, ನಿನ್ನ ಪೆದ್ದಮ್ಮನ ಜೊತೆಯೂ ಅವತ್ತೇ ಮಾತಾಡಿದೆ. ಅವಳು ನಿನಗೆ ನೋಡಿದ್ದ ಮದನಪಲ್ಲಿಯ ಹುಡುಗನ ಕಡೆಯವರು ಡಿಸೆಂಬರಿನಲ್ಲಿ ಫೋನ್ ಮಾಡಿದ್ದರು ಅಂತ ನಿನಗೆ ಹೇಳಿದ್ದೆನಲ್ಲ. ಹುಡುಗ ಸರ್ಕಾರಿ ಬ್ಯಾಂಕಿನಲ್ಲಿದ್ದಾನೆ, ಅವರಿಗೆ ಸರ್ಕಾರಿ ಕೆಲಸದ ಹುಡುಗಿಯೇ ಬೇಕು ಅಂತ ಪೆದ್ದಮ್ಮ ಮೊದಲೇ ಕಿವಿಗೆ ಹಾಕಿದ್ದಳು. ಫೋನ್ ಮಾಡಿದವರದು ಆಮೇಲೆ ಸುಳಿವೇ ಇಲ್ಲ. ನಾನು ಆ ನಂಬರನ್ನು ಮದನಪಲ್ಲಿ ಅಂತ ಸೇವ್ ಮಾಡಿಕೊಂಡು ಎರಡು ತಿಂಗಳು ಕಾದೆ. ಅದರ ಕತೆ ಬೇರೆಯೇ ಇದೆ. ಇರಲಿ, ಅದನ್ನು ಆಮೇಲೆ ಹೇಳುತ್ತೇನೆ, ಈಗ ಬರೆಯಲು ಹೋದರೆ ಕೈ ಓಡುವುದಿಲ್ಲ. ಕಾಫಿ ಕುಡಿದು ಬರುತ್ತೇನೆ.

ಕುಡಿದು ಬಂದೆ. ನಿಮ್ಮಪ್ಪನಿಗೂ ಕೊಟ್ಟೆ. ಅವರು ಹುಳುವಿನ ಮನೆಯ ಬಾಗಿಲಲ್ಲಿ ಕಾಲಿಗೆ ಸುಣ್ಣ ಮೆತ್ತಿಕೊಂಡು ನಿಂತು, "ಮಗೀಗೆ ಏನ್ ಬರೀತಿದೀಯ, ಅಷ್ಟುದ್ದ" ಅಂದರು. ಬರೀ ಉಪದೇಶ ಅಂದೆ. "ಉಪದೇಶ ಬೇಡ, ಬರೋದಾದ್ರೆ ಬರ್ಲಿ ಅಂತ ಬರಿ. ಇಲ್ಲಿ ಹುಳಕ್ಕೆ ಸೊಪ್ಪು ಹಾಕಿದ್ರೂ ನಮ್ಮ ಮಗೂಗೆ ಊಟ ಇದೆ" ಅಂದರು. ಅದನ್ನೂ ಬರೆದಿದ್ದೇನೆ ನೋಡು. ನೀನು ಮನೆಗೆ ಬಂದರೆ ನಮಗೆ ಭಾರವಲ್ಲ, ನಿನ್ನ ಕೋಣೆ ಹಾಗೇ ಇದೆ, ಮಂಚದ ಮೇಲೆ ಹುಳು ಗೂಡು ಕಟ್ಟುವ ಒಂದೆರಡು ಚಂದ್ರಿಕೆ ಇಟ್ಟಿದ್ದಾರೆ, ಅದನ್ನು ತೆಗೆಸಬಹುದು. ಬರಬೇಕು ಅನ್ನಿಸಿ ಬಂದರೆ ಸಂತೋಷ. ನಾನು ಕೈಲಾಗದವಳು ಅಂದುಕೊಂಡು ತಲೆ ತಗ್ಗಿಸಿಕೊಂಡು ಬರಬೇಡ ಅಂತ ಮಾತ್ರ ಕೇಳಿಕೊಳ್ಳುತ್ತೇನೆ. ಒಂದು ಸಲ ಆ ಮಾತು ಮನಸ್ಸಿಗೆ ಇಳಿದರೆ ಏನಾಗುತ್ತದೆ ಅಂತ ನಿಮ್ಮಪ್ಪನನ್ನು ನೋಡಿದ್ದೇನೆ. ಆಮೇಲೆ ಪಟ್ಟಿ ಬಂದು ಸರ್ಕಾರಿ ಕುರ್ಚಿಯಲ್ಲೇ ಕೂತರೂ ಅದು ಹೋಗುವುದಿಲ್ಲ.

ಹದಿನಾರನೇ ತಾರೀಖಿಗೆ ಮುಂಚೆ ಈ ಕಾಗದ ನಿನ್ನ ಕೈ ಸೇರಲಿ ಅಂತ ನಾಳೆ ಸ್ಪೀಡ್ ಪೋಸ್ಟ್ ಮಾಡುತ್ತೇನೆ. ಇದನ್ನು ಪೂರ್ತಿ ಓದುವ ತನಕ ಯಾರಿಗೂ ಏನೂ ಬರೆದು ಕೊಡಬೇಡ. ಹೊತ್ತಿಗೆ ಸರಿಯಾಗಿ ತಿನ್ನು, ರಾತ್ರಿ ಪಾಳಿಯಿಂದ ಬಂದ ದಿನ ಕಿಟಕಿಗೆ ಬೆಡ್‌ಶೀಟ್ ಕಟ್ಟಿಕೊಂಡಾದರೂ ನಿದ್ದೆ ಮಾಡು. ಅಮ್ಮಾಜಮ್ಮ ಕೇಳಿದಳು ಅಂತ ತಿಳಿ. ಎಲ್ಲಿದ್ದರೂ ನಿನ್ನ ಹೊಟ್ಟೆ ತಣ್ಣಗಿರಲಿ, ನಿನ್ನ ಮನಸ್ಸಿಗೆ ನೆಮ್ಮದಿ ಇರಲಿ. ನಮ್ಮಿಬ್ಬರ ಆಶೀರ್ವಾದ ಯಾವತ್ತೂ ನಿನ್ನ ಮೇಲಿರುತ್ತದೆ.

ನಿನ್ನ ಅಮ್ಮ,
ರಾಮಲಕ್ಷ್ಮಮ್ಮ

ತಾ.ಕ. ಸೋಮವಾರ ಬೆಳಿಗ್ಗೆ, ಅಂಗನವಾಡಿಯಿಂದ. ಅಂಟು ಹಾಕುವ ಮುಂಚೆ ಇದನ್ನು ಬರೆಯದಿದ್ದರೆ ಮೇಲಿನ ನಾಲ್ಕು ಹಾಳೆಯೂ ದಂಡ. ಗುರುವಾರ ನೀನು ಕೇಳಿದೆ, "ಕನ್ಫರ್ಮ್ ಮಾಡೋ ಮುಂಚೆ ಎಲ್ಲರ ಮನೆಗೂ ಫೋನ್ ಮಾಡಿ ವಿಚಾರಿಸಿದ್ರಂತೆ, ನಮ್ಮನೆಗೆ ಯಾರೂ ಮಾಡಿಲ್ಲ ಅಲ್ವಾ ಅಮ್ಮ" ಅಂತ. ನಾನು ಇಲ್ಲ ಅಂದೆ. ಅಂದ ಮೇಲೆ ಡಿಸೆಂಬರಿನ ಆ ಫೋನು ನೆನಪಾಯಿತು, ಅದಕ್ಕೇ ಆ ಹಾಲಿನ ಸುಳ್ಳು. ಶುಕ್ರವಾರ ಪೆದ್ದಮ್ಮನನ್ನು ಕೇಳಿದೆ, ಮದನಪಲ್ಲಿಯವರು ಫೋನ್ ಮಾಡಿ ಯಾಕೆ ಸುಮ್ಮನಾದರು ಅಂತ. "ಅವರೆಲ್ಲಿ ಮಾಡಿದ್ರೇ? ಆ ಹುಡುಗನಿಗೆ ನವೆಂಬರಲ್ಲೇ ನಿಶ್ಚಯ ಆಯ್ತು, ನಾನು ನಿನ್ನ ನಂಬರೇ ಕೊಡ್ಲಿಲ್ಲ" ಅಂದಳು. ಮದನಪಲ್ಲಿ ಅಂತ ಸೇವ್ ಮಾಡಿದ್ದ ನಂಬರಿಗೆ ಆಗಲೇ ಮಾಡಿದೆ. ಎತ್ತಿದವನು ಹೈದರಾಬಾದಿನವನು, ಕಂಪನಿಗಳ ಪರವಾಗಿ ಹೊಸಬರ ಮನೆಗಳಿಗೆ ಫೋನ್ ಮಾಡಿ ವಿಚಾರಿಸುವುದೇ ಅವನ ಕೆಲಸವಂತೆ.

ಡಿಸೆಂಬರಿನಲ್ಲಿ ಅವನು ಮಾಡಿದಾಗ ಮಕ್ಕಳ ಊಟದ ಹೊತ್ತು. "ಅಮ್ಮಾ, ಮೀ ಅಮ್ಮಾಯಿ ಗುರಿಂಚಿ ಕೊಂಚೆಂ ತೆಲುಸುಕುಂದಾಮನಿ" ಅಂತ ತೆಲುಗಿನಲ್ಲಿ ಶುರು ಮಾಡಿದ. ನಿಮ್ಮ ಹುಡುಗಿಯ ವಿಷಯ ತಿಳಿದುಕೊಳ್ಳೋಣ ಅಂತ ತೆಲುಗಿನವರು ಫೋನ್ ಮಾಡಿದರೆ ನಮ್ಮ ಕಡೆ ಇನ್ನೇನು ಅಂದುಕೊಳ್ಳುತ್ತಾರೆ ಹೇಳು. ಸ್ವಂತ ಮನೆಯೇ, ಎಷ್ಟು ವರ್ಷದಿಂದ ಇದ್ದೀರಿ, ಹುಡುಗಿ ಎಲ್ಲಿ ಓದಿದಳು ಅಂತ ಕೇಳಿದ. ಎಲ್ಲ ಗಂಡಿನ ಕಡೆಯವರು ಕೇಳುವುದೇ. ನಿನ್ನ ಕಂಪನಿಯ ಹೆಸರನ್ನು ಅವನೇ ಹೇಳಿದ, ಆಗಲೇ ತಿಳಿದುಕೊಂಡಿದ್ದಾರೆ, ಪರವಾಗಿಲ್ಲ, ಚುರುಕಿನವರು ಅಂದುಕೊಂಡೆ. ನಕ್ಷತ್ರ ಕೇಳಲಿಲ್ಲ, ಈ ಕಾಲದವರು ಅಂದುಕೊಂಡೆ. ಆ ಕಂಪನಿಯಲ್ಲೇ ಮುಂದುವರಿಯುತ್ತಾಳಾ ಅಂದಾಗ ನಾನು, ಅಯ್ಯೋ ಅದೇನು ಕೆಲಸ, ಸುಮ್ಮನೆ ಹೊತ್ತು ಹೋಗಲಿ ಅಂತ ಇದ್ದಾಳೆ, ಸರ್ಕಾರಿ ಪಟ್ಟಿಯಲ್ಲಿ ಹೆಸರಿದೆ, ಎರಡು ತಿಂಗಳಲ್ಲಿ ಬಿಟ್ಟು ಬರುತ್ತಾಳೆ ಅಂದೆ. ಅಷ್ಟೂ ಹೇಳಿದೆ, ಖುಷಿಯಿಂದ ಹೇಳಿದೆ. ಅದನ್ನು ತಿದ್ದಿ ಅಂತ ಶುಕ್ರವಾರ ಅವನನ್ನು ಬೇಡಿಕೊಂಡೆ. ನೀವು ಹೇಳಿದ್ದನ್ನೇ ಬರೆದು ಕೊಟ್ಟೆವಮ್ಮ, ಈಗ ನಮ್ಮ ಕೈಲಿಲ್ಲ, ನಿಮ್ಮ ಹುಡುಗಿಯೇ ಕಂಪನಿಯಲ್ಲಿ ಮಾತಾಡಬೇಕು ಅಂದ. ಒಳ್ಳೆಯ ಹುಡುಗನೇ ಪಾಪ.

ಹಾಗಾಗಿ ಕೇಳು ಶಿರೀಷಾ, ನಿನ್ನ ಕೆಲಸದಲ್ಲಿ ಯಾರೂ ತಪ್ಪು ಕಂಡಿಲ್ಲ. ತಪ್ಪು ನನ್ನದು. ಇಡೀ ಕಾಗದದಲ್ಲಿ ನಿಮ್ಮಪ್ಪನ ಕಂಪನಿ, ನನ್ನ ಅಂಗನವಾಡಿ ಅಂತ ಸುತ್ತಿ ಬಳಸಿ ಬಂದೆ, ಇದನ್ನು ಹೇಳುವ ಧೈರ್ಯವಿರಲಿಲ್ಲ. ನಿಮ್ಮಪ್ಪನಿಗೆ ಈಗ ಬರುವ ಮುಂಚೆ ಹೇಳಿದೆ. ಬೈಯಲಿಲ್ಲ, ಸೊಪ್ಪಿನ ಬುಟ್ಟಿ ಎತ್ತಿಕೊಂಡು ತೋಟಕ್ಕೆ ಹೋದರು. ಬೈದಿದ್ದರೆ ಚೆನ್ನಾಗಿತ್ತು. ಜೊತೆಯಲ್ಲಿ ಇನ್ನೊಂದು ಹಾಳೆ ಇದೆ, ನಿನ್ನ ಕಂಪನಿಯವರಿಗೆ ಬರೆದದ್ದು: ಆ ದಿನ ನಾನು ಮದುವೆ ಮಾತು ಅಂದುಕೊಂಡು ಹಾಗೆ ಹೇಳಿದೆ, ನನ್ನ ಮಗಳಿಗೆ ಅದು ಗೊತ್ತೇ ಇಲ್ಲ, ಕೆಲಸ ಬಿಡುತ್ತೇನೆ ಅಂತ ಅವಳು ಯಾವತ್ತೂ ನನಗೆ ಹೇಳಿರಲಿಲ್ಲ ಅಂತ. ತೆಲುಗು ಬರೆಯಲು ಬರುವುದಿಲ್ಲ, ಕನ್ನಡದಲ್ಲೇ ಬರೆದಿದ್ದೇನೆ, ನೀನೇ ಓದಿ ಹೇಳು. ಮೊಹರಿದ್ದರೆ ನಂಬುತ್ತಾರೆ ಅಂತ ಕೆಳಗೆ ಅಂಗನವಾಡಿ ಕೇಂದ್ರದ ಮೊಹರು ಒತ್ತಿದ್ದೇನೆ. ಹಾಗೆ ಒತ್ತಬಾರದೇನೋ, ಆದರೆ ಇಪ್ಪತ್ತಮೂರು ವರ್ಷದಲ್ಲಿ ನನಗೋಸ್ಕರ ಅದನ್ನು ಒತ್ತಿದ್ದು ಇದೊಂದೇ ಸಲ. ಅವರಿಗೆ ಕೊಡುತ್ತೀಯೋ ಹರಿದು ಹಾಕುತ್ತೀಯೋ, ಅಲ್ಲೇ ಇರುತ್ತೀಯೋ ಬರುತ್ತೀಯೋ, ಈ ಸಲ ನಿನ್ನ ಪರವಾಗಿ ನಾನು ಯಾರಿಗೂ ಉತ್ತರ ಹೇಳುವುದಿಲ್ಲ. ಮಕ್ಕಳು ಬಂದರು, ಅಮ್ಮಾಜಮ್ಮ ಪೋಸ್ಟಾಫೀಸಿಗೆ ಹೊರಟು ನಿಂತಿದ್ದಾಳೆ. ಓದಿ ಕೋಪ ಬಂದರೆ ಫೋನ್ ಮಾಡಿ ಬೈಯಮ್ಮ, ಹಾಲು ಉಕ್ಕುತ್ತಿದೆ ಅಂತ ಇಡುವುದಿಲ್ಲ.